ಸಕ್ರಿ ತಿಂದ ಎಲೆ

ನನಗೊಂದು ಚಟವಿದೆ. ಯಾರು ಏನು ಕೇಳಿದರೂ ಮೊದಲು ‘ತಡೀರಿ, ನೋಡಿ ಹೇಳ್ತೀನಿ’ ಅನ್ನುವುದು. ಬಸ್ಸು ಹೋಯಿತೇ ಎಂದು ಕೇಳಿದವರಿಗೂ ಹೀಗೆಯೇ ಅಂದಾಗ, ಅವರು ನನ್ನ ಮುಖವನ್ನೊಮ್ಮೆ, ಖಾಲಿ ರಸ್ತೆಯನ್ನೊಮ್ಮೆ ನೋಡಿದ್ದಿದೆ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಹೆಂಡತಿ ಕೇಳಿದಾಗಲೂ ಅಭ್ಯಾಸಬಲದಿಂದ ಇದೇ ಮಾತು ಬಂದುಬಿಟ್ಟಿತ್ತು. ಆಕೆ ಸೌಟನ್ನು ನನ್ನ ಕೈಗೇ ಕೊಟ್ಟು, ‘ನಿಧಾನಕ್ಕ ನೋಡ್ರಿ, ಸಂಜಿತನಾ ಟೈಮ್ ಅದ’ ಎಂದು ಹೊರಗೆ ಹೋಗಿ ಕುಳಿತಳು.

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಒಂದು ಸಣ್ಣ ಕುಂಡ ಹಿಡಿದುಕೊಂಡು ಬಂದಳು. ಹೃದಯದಾಕಾರದ, ಹಳದಿ ಚುಕ್ಕೆಯ ಎಲೆಗಳು. ನಿಮ್ಮೆಲ್ಲರ ಮನೆಯಲ್ಲೂ ಇರುವ ಮನಿಪ್ಲಾಂಟೇ. ಅವಳ ಹತ್ತಿರ ಒಂದು ಬೆಕ್ಕಿದೆ. ನಾನು ಇಡೀ ಆಯುಷ್ಯ ದನದ ದವಾಖಾನೆಯಲ್ಲಿ ಕಳೆದವನೆಂದು ಯಾರೋ ಹೇಳಿದ್ದರಂತೆ. ಈ ಗಿಡವನ್ನು ಮನೆಯೊಳಗಿಟ್ಟರೆ ಬೆಕ್ಕಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಲು ಬಂದಿದ್ದಳು.

ನಾನು ‘ತಡೀರಿ’ ಅನ್ನಲಿಲ್ಲ. ಎಲೆ ಕಡಿದರೆ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ವಾಂತಿಯೂ ಆಗಬಹುದು, ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ, ಆದರೂ ಅದರ ಬಾಯಿಗೆ ಸಿಗಗೊಡಬೇಡವ್ವ ಎಂದು ಒಂದೇ ಉಸುರಿಗೆ ಹೇಳಿಬಿಟ್ಟೆ. ಒಳಗಿನಿಂದ ಹೆಂಡತಿ ಬಾಗಿಲಿಗೆ ಬಂದು ಇವರಿಗೇನಾಯಿತು ಎಂಬಂತೆ ನೋಡಿದಳು. ಏನಿಲ್ಲ, ಈ ಒಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ತಯಾರು ಉತ್ತರವಿದೆ. ಸುಮಾರು ಐವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ಕಲಿತದ್ದು ಅದು.

ಆಗ ನನಗೆ ಇಪ್ಪತ್ತಮೂರು ವರ್ಷ. ನಮ್ಮದು ಸೇಡಂನ ವೈಷ್ಣವ ಮನೆತನ. ತಂದೆ ಬೆಳಿಗ್ಗೆ ಗುಡಿಯ ಪೂಜೆ ಮುಗಿಸಿ ಹತ್ತು ಗಂಟೆಗೆ ಶಾಲೆಯ ಮಾಸ್ತರರಾಗುತ್ತಿದ್ದರು. ಅಂಥವರ ಮಗನಿಗೆ ಶಹಾಬಾದದಲ್ಲಿ ದನದ ದವಾಖಾನೆಯ ಕಂಪೌಂಡರ್ ಕೆಲಸ ಸಿಕ್ಕಿತು. ನೆಂಟರು ಕೇಳಿದರೆ ನಮ್ಮವ್ವ ‘ದವಾಖಾನ್ಯಾಗ ನೌಕರಿ’ ಎಂದಷ್ಟೇ ಹೇಳುತ್ತಿದ್ದಳು. ದನದ ಎಂಬ ಶಬ್ದವನ್ನು ಆಕೆ ಎಂದೂ ಬಾಯಿಗೆ ತರಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಹೊಸತು. ದವಾಖಾನೆಯ ಬೋರ್ಡಿನಲ್ಲಿ ಹಳೆಯ ‘ಮೈಸೂರು’ ಅಳಿಸಿ ಹೊಸ ಹೆಸರು ಬರೆದಿದ್ದರು. ಬಿಸಿಲು ಬಿದ್ದಾಗ ಒಳಗಿನ ಹಳೆಯ ಅಕ್ಷರಗಳೂ ಕಾಣುತ್ತಿದ್ದವು.

ನಮ್ಮ ಡಾಕ್ಟರರಿಗೆ ಚಿತ್ತಾಪುರದ ಕಡೆಯ ಜವಾಬ್ದಾರಿಯೂ ಇತ್ತು. ದಿನ ಬಿಟ್ಟು ದಿನ ಬರುತ್ತಿದ್ದರು. ಅವರಿಲ್ಲದ ದಿನ ಎಮ್ಮೆ, ಎತ್ತು ಹಿಡಿದುಕೊಂಡು ಬಂದವರು ನನ್ನನ್ನೇ ‘ಡಾಕ್ಟರ್ ಸಾಬ’ ಎನ್ನುತ್ತಿದ್ದರು. ಮೊದಲ ತಿಂಗಳು ನಾನು, ಡಾಕ್ಟರಲ್ಲ, ಕಂಪೌಂಡರು ಎಂದು ತಿದ್ದುತ್ತಿದ್ದೆ. ಮೂರನೆಯ ತಿಂಗಳಿಗೆ ತಿದ್ದುವುದು ನಿಂತಿತು. ಆರನೆಯ ತಿಂಗಳಿಗೆ ಯಾರಾದರೂ ಹಾಗೆ ಕರೆಯದಿದ್ದರೆ ಏನೋ ಕಡಿಮೆಯಾದಂತೆ ಅನ್ನಿಸತೊಡಗಿತು. ನನಗೆ ನಿಜವಾಗಿ ಬರುತ್ತಿದ್ದದ್ದು ಹೊಟ್ಟೆ ಉಬ್ಬಿದ ಎತ್ತಿಗೆ ಔಷಧ ಕಲೆಸುವುದು, ಗಾಯ ತೊಳೆಯುವುದು, ಡಾಕ್ಟರರು ಸೂಜಿ ಚುಚ್ಚುವಾಗ ಕೊಂಬು ಹಿಡಿಯುವುದು, ಇಷ್ಟೇ. ಅದರಲ್ಲೂ ಕೊಂಬು ಹಿಡಿಯುವಾಗ ನಾನು ಕಣ್ಣು ಮುಚ್ಚುತ್ತಿದ್ದೆನೆಂದು ಡಾಕ್ಟರರು ನಗುತ್ತಿದ್ದರು.

ನಾನು ಬಾಡಿಗೆಗೆ ಹಿಡಿದ ಕೋಣೆ ಒಂದು ಕಲ್ಲಿನ ಮನೆಯ ಅರ್ಧ ಭಾಗ. ಆ ಊರಿನಲ್ಲಿ ಕಲ್ಲಿಗೆ ಬರವಿಲ್ಲ. ಗೋಡೆ ಕಲ್ಲು, ಮಾಳಿಗೆ ಕಲ್ಲು, ನೆಲ ಕಲ್ಲು, ನೀರಿನ ಕೊಡದ ಮುಚ್ಚಳವೂ ಒಂದು ಕಲ್ಲಿನ ಚೂರು. ಗೋಡೆಯ ಆ ಕಡೆ ಕರೀಮಸಾಹೇಬರು ಮತ್ತು ಅವರ ಹೆಂಡತಿ ಹಮೀದಾ ಬೀ ಇದ್ದರು. ಇಬ್ಬರಿಗೂ ಅರವತ್ತರ ಹತ್ತಿರ ವಯಸ್ಸು. ಮಗಳನ್ನು ಚಿಂಚೋಳಿ ತಾಲೂಕಿನ ಐನಾಪುರಕ್ಕೆ ಕೊಟ್ಟಿದ್ದರು. ನಾನು ಅವರನ್ನು ಚಾಚಾ, ಚಾಚಿ ಎಂದು ಕರೆಯುತ್ತಿದ್ದೆ.

ಚಾಚಾ ಭಂಕೂರಿನ ಸುತ್ತಿನ ಕಲ್ಲಿನ ಗಣಿಗಳಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದವರು. ಸುತ್ತಿಗೆಯಿಂದ ಹಗುರಾಗಿ ಬಡಿದು, ಬರುವ ಸದ್ದು ಕೇಳಿ, ಹಾಸುಗಲ್ಲು ಎಲ್ಲಿ ಬಿಟ್ಟುಕೊಳ್ಳುತ್ತದೆಂದು ಹೇಳುತ್ತಿದ್ದರಂತೆ. ಅಂಥವರ ಕಿವಿಯನ್ನೇ ಗಣಿಯ ಸಿಡಿಮದ್ದಿನ ಸದ್ದು ತಿಂದುಹಾಕಿತ್ತು. ನಾನು ನೋಡುವಾಗ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ತಮ್ಮ ದನಿಯೂ ತಮಗೆ ಕೇಳಿಸದ್ದರಿಂದ ಅವರ ಪಿಸುಮಾತು ಕೂಡ ಓಣಿಯ ಕೊನೆಯವರೆಗೆ ಹೋಗುತ್ತಿತ್ತು. ಗಂಡಹೆಂಡತಿ ಕೈಸನ್ನೆಯಲ್ಲಿ ತಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದರು. ಅದರಲ್ಲಿ ನನಗೂ ಒಂದು ಹೆಸರಿತ್ತು. ಬಾಟಲಿ ಹಿಡಿದು ಅಲ್ಲಾಡಿಸಿದಂತೆ ಮಾಡಿದರೆ ಅದು ನಾನು.

ಚಾಚಾನ ಕಿವಿಯ ಕೆಲಸವನ್ನು ಮಾಡುತ್ತಿದ್ದದ್ದು ಒಂದು ಬೆಕ್ಕು. ಅದರ ಹೆಸರು ಸಕ್ರಿ. ಬಣ್ಣ ನೋಡಿದರೆ ಬೆಲ್ಲ ಅನ್ನಬೇಕಿತ್ತು. ಆದರೆ ಚಾಚಿಗೆ ಸಕ್ಕರೆಯೇ ಸರಿಯೆನ್ನಿಸಿತ್ತು. ಚಾಚಾ ಹೊರಸಿನ ಮೇಲೆ ಕೂತಿದ್ದರೆ ಸಕ್ರಿ ಎದುರಿನ ಕಲ್ಲಿನ ಕಟ್ಟೆಯ ಮೇಲೆ ಮಲಗಿರುತ್ತಿತ್ತು. ಅವರ ಕಣ್ಣು ಸದಾ ಅದರ ಕಿವಿಯ ಮೇಲೆ. ಕಿವಿ ಬಾಗಿಲಿನ ಕಡೆ ಹೊರಳಿದರೆ ಯಾರೋ ಚಿಲಕ ಬಡಿಯುತ್ತಿದ್ದಾರೆ. ಎದ್ದು ನಿಂತು ಒಲೆಯ ಕಡೆ ನೋಡಿದರೆ ಹಾಲು ಉಕ್ಕುತ್ತಿದೆ. ಹೊರಸಿನ ಕೆಳಗೆ ತೂರಿಕೊಂಡರೆ ಟಪಾಲಿನವನು ಬಂದಿದ್ದಾನೆ, ಅವನ ಸೈಕಲ್ ಕಂಡರೆ ಅದಕ್ಕೆ ಆಗದು. ನಾನು ಬಂದರೆ ಮಾತ್ರ ಸಕ್ರಿ ಏಳುತ್ತಿರಲಿಲ್ಲ, ಒಂದು ಕಣ್ಣು ತೆರೆದು ಮತ್ತೆ ಮುಚ್ಚುತ್ತಿತ್ತು. ಚಾಚಾ ತಿರುಗಿ ನೋಡದೆಯೇ ‘ಬಾ, ಕುಂದರ್’ ಅನ್ನುತ್ತಿದ್ದರು. ಇಡೀ ಶಹಾಬಾದದಲ್ಲಿ ನನ್ನನ್ನು ಡಾಕ್ಟರನೆಂದು ಒಪ್ಪದೆ ಇದ್ದದ್ದು ಅದೊಂದೇ ಜೀವ.

ನಾನು ಆ ಊರಿಗೆ ಬಂದ ಮೊದಲ ಮಳೆಗಾಲದಲ್ಲಿ ಚಳಿಜ್ವರ ಹಿಡಿದು ಎಂಟು ದಿನ ಮಲಗಿದ್ದೆ. ಬೆಳಿಗ್ಗೆ, ಸಂಜೆ ಚಾಚಿ ಗಂಜಿ ಮಾಡಿ ತಂದು ನನ್ನ ಹೊಸ್ತಿಲ ಮೇಲಿಟ್ಟು, ‘ನಿಮ್ಮ ಮನ್ಯಾಗ ನಡೀತದೋ ಇಲ್ಲೋ ನನಗ ಗೊತ್ತಿಲ್ಲ ಬೇಟಾ, ಬ್ಯಾಡ ಅಂದ್ರ ನಾಯಿಗಿ ಹಾಕು’ ಎಂದು ಹೇಳಿ ಹೋಗುತ್ತಿದ್ದರು. ನಾಯಿಗೆ ಒಂದು ತುತ್ತೂ ಸಿಗಲಿಲ್ಲ. ಅವ್ವನಿಗೆ ಬರೆದ ಕಾಗದದಲ್ಲಿ, ನೆರೆಯವರು ಭಾಳ ಒಳ್ಳೆಯವರು ಎಂದು ಬರೆದೆ. ಗಂಜಿಯ ವಿಷಯ ಬರೆಯಲಿಲ್ಲ. ಅವ್ವ ದನವನ್ನು ಬಿಟ್ಟಂತೆ ನಾನು ಗಂಜಿಯನ್ನು ಬಿಟ್ಟೆ.

ಆ ಗಂಜಿಯ ಋಣಕ್ಕೆ ಏನಾದರೂ ಕೊಡಬೇಕೆಂದು ನನ್ನ ಮನಸ್ಸಿನಲ್ಲಿತ್ತು. ದೀಪಾವಳಿಗೆ ಹೈದರಾಬಾದಿನ ಸೋದರಮಾವನ ಮನೆಗೆ ಹೋದಾಗ ಅತ್ತೆಯ ಪಡಸಾಲೆಯಲ್ಲಿ ಈ ಬಳ್ಳಿ ಕಂಡೆ. ಮಣ್ಣಿಲ್ಲ, ಕುಂಡವಿಲ್ಲ, ಬರಿಯ ನೀರಿನ ಬಾಟಲಿಯಲ್ಲಿ ಬೆಳೆದು ಕಿಟಕಿಯ ತುಂಬ ಹಬ್ಬಿತ್ತು. ನಮ್ಮ ಕಡೆ ಅದನ್ನು ಕಂಡವರೇ ಇರಲಿಲ್ಲ. ಒಂದು ತುಂಡು ಕೇಳಿ ತೆಗೆದುಕೊಂಡು, ಖಾಲಿ ಔಷಧದ ಬಾಟಲಿಯಲ್ಲಿ ನೀರು ತುಂಬಿ ನೆಟ್ಟು, ವಾಡಿಯವರೆಗೆ ಒಂದು ರೈಲು, ಅಲ್ಲಿಂದ ಇನ್ನೊಂದು ರೈಲು, ಹೀಗೆ ಮೊಣಕಾಲುಗಳ ನಡುವೆ ಹಿಡಿದುಕೊಂಡು ಬಂದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ ಹಾಸಿಗೆಯ ಸುರುಳಿಯನ್ನು ಮರೆತುಬಂದೆ, ಬಾಟಲಿಯನ್ನು ಮರೆಯಲಿಲ್ಲ.

ಚಾಚಿಗೆ ಬಹಳ ಸಂತೋಷವಾಯಿತು. ಓಣಿಯ ಹೆಂಗಸರೆಲ್ಲ ಬಂದು ನೋಡಿದರು. ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ ಚಾಚಿ, ಆಮೇಲೆ ನನ್ನ ಕಡೆ ತಿರುಗಿ, ‘ಬೇಟಾ, ನಮ್ಮ ಸಕ್ರಿ ಎಲ್ಲಾದಕ್ಕೂ ಬಾಯಿ ಹಾಕ್ತದ. ಇದರಿಂದ ಅದಕ್ಕೇನೂ ಆಗಂಗಿಲ್ಲಲಾ?’ ಎಂದು ಕೇಳಿದರು.

ಓಣಿಯ ಆರೇಳು ಹೆಂಗಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಚಾಚಿ, ಡಾಕ್ಟರರನ್ನು ಕೇಳಿ ಹೇಳುತ್ತೇನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನೇನಂದೆ ಗೊತ್ತೇ? ‘ಏನೂ ಆಗಂಗಿಲ್ಲ. ಎಲಿ ಅಲ್ಲೇನು? ದನಾ ಎಲಿ ತಿಂದೇ ಬದುಕ್ತಾವ.’ ಎಳೆಯ ಜೋಳದ ಚಿಗುರು ಮೇಯ್ದ ಎತ್ತು ನಿಂತಲ್ಲೇ ಬಿದ್ದದ್ದನ್ನು ಹಿಂದಿನ ತಿಂಗಳೇ ಕಣ್ಣಾರೆ ನೋಡಿದವನು ನಾನು. ಎಲೆಯೆಂದ ಮಾತ್ರಕ್ಕೆ ಒಳ್ಳೆಯದಲ್ಲವೆಂಬುದು ನಮ್ಮ ಸೀಮೆಯ ದನ ಕಾಯುವವರಿಗೂ ಗೊತ್ತು. ಆದರೆ ಡಾಕ್ಟರ್ ಸಾಬರಿಗೆ ಆ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ.

ಎರಡು ತಿಂಗಳು ಏನೂ ಆಗಲಿಲ್ಲ. ಬಳ್ಳಿ ಚಿಗುರಿತು, ಸಕ್ರಿ ಮೂರು ಮರಿ ಹಾಕಿತು. ಐನಾಪುರದಲ್ಲಿ ಮಗಳ ಹೆರಿಗೆಯ ದಿನ ಹತ್ತಿರ ಬಂದು ಚಾಚಿ ಅಲ್ಲಿಗೆ ಹೋದರು. ಹೋಗುವಾಗ ನನ್ನನ್ನು ಕರೆದು, ಇವರಿಗೆ ಸಕ್ರಿ ಇದೆ, ಆದರೂ ದಿನಕ್ಕೊಮ್ಮೆ ನೀನೂ ಮುಖ ತೋರಿಸು ಎಂದು ಹೇಳಿದರು.

ಚಾಚಿ ಹೋದ ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಚಾಚಾ ದವಾಖಾನೆಗೆ ಬಂದರು. ಹೆಗಲ ಮೇಲಿನ ರುಮಾಲಿನಲ್ಲಿ ಸಕ್ರಿಯನ್ನು ಸುತ್ತಿ ಎದೆಗೆ ಅವಚಿಕೊಂಡಿದ್ದರು. ಅದರ ಬಾಯಿ ಅರ್ಧ ತೆರೆದಿತ್ತು, ಜೊಲ್ಲು ದಾರದಂತೆ ಇಳಿದು ಚಾಚಾನ ಅಂಗಿಯ ಎದೆಭಾಗವೆಲ್ಲ ಒದ್ದೆಯಾಗಿತ್ತು. ರುಮಾಲಿನೊಳಗಿಂದ ಮುಂಗಾಲು ಹೊರತೆಗೆದು ಮತ್ತೆ ಮತ್ತೆ ಬಾಯಿ ಒರೆಸಿಕೊಳ್ಳುತ್ತಿತ್ತು. ಡಾಕ್ಟರರು ಅಂದು ಚಿತ್ತಾಪುರದಲ್ಲಿದ್ದರು. ಅಂಗಳದಲ್ಲಿ ಐದಾರು ಮಂದಿ ತಮ್ಮ ದನಗಳೊಂದಿಗೆ ನಿಂತಿದ್ದರು.

ಆಗಿನ ದಿನಗಳಲ್ಲಿ ಒಂದು ಹುಚ್ಚುನಾಯಿ ಭಂಕೂರಿನ ಹಾದಿಯಲ್ಲಿ ಎತ್ತನ್ನು ಕಚ್ಚಿ ಎಲ್ಲರಿಗೂ ಹೆದರಿಕೆ ಹುಟ್ಟಿಸಿತ್ತು. ಎಮ್ಮೆ ತಂದಿದ್ದವನೊಬ್ಬ ಸಕ್ರಿಯ ಜೊಲ್ಲು ನೋಡಿದವನೇ, ಇದಕ್ಕೆ ಹುಚ್ಚು ಹಿಡಿದಿದೆ ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಜೊಲ್ಲು ಸುರಿಸುವ ಪ್ರಾಣಿಯ ಹತ್ತಿರ ಹೋಗಬಾರದೆಂದು ಡಾಕ್ಟರರು ಹೇಳಿದ್ದ ಒಂದೇ ಒಂದು ಪಾಠ ನನಗೆ ನೆನಪಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಹೌದು, ಎಲ್ಲರೂ ದೂರ ಸರಿಯಿರಿ ಎಂದೆ. ನೋಡಲಿಲ್ಲ, ಮುಟ್ಟಲಿಲ್ಲ, ಏನು ತಿಂದಿತು ಎಂದು ಕೇಳಲಿಲ್ಲ. ಎರಡನೆಯ ಸಲವೂ ತಟ್ಟನೆ ಉತ್ತರ ಕೊಟ್ಟುಬಿಟ್ಟೆ.

ಒಬ್ಬ ದನ ಕಟ್ಟುವ ಗೂಟವನ್ನು ನೆಲದಿಂದ ಕಿತ್ತುಕೊಂಡ. ಕೆಳಗೆ ಬಿಡಿಸಿ, ಒಂದೇ ಏಟಿಗೆ ಮುಗಿಸುತ್ತೇನೆ, ಮುದುಕನಿಗೆ ಕಚ್ಚಿದರೆ ಕಷ್ಟ ಎಂದ. ಅವನೇನೂ ಕೆಟ್ಟ ಮನುಷ್ಯನಲ್ಲ. ಡಾಕ್ಟರ್ ಸಾಬ ಹುಚ್ಚು ಎಂದಮೇಲೆ ಅವನಿಗೆ ತೋಚಿದ್ದು ಅದೇ.

ಚಾಚಾಗೆ ಇದಾವುದೂ ಕೇಳಿಸಲಿಲ್ಲ. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಗೂಟವನ್ನು ನೋಡಿದರು. ಸಕ್ರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಯಾವ ಕೋಪವೂ ಇಲ್ಲದೆ, ತಿಳಿಯದ್ದನ್ನು ಕೇಳುವವರ ಹಾಗೆ, ‘ಯಾರಿಗಿ ಹೊಡಿಲಾಕ ಗೂಟ ಹಿಡದೀರಪ್ಪಾ?’ ಎಂದರು.

ನನಗೆ ಅವರ ಮುಖ ನೋಡಲಾಗದೆ ಕಣ್ಣು ಕೆಳಗಿಳಿಯಿತು. ಆಗ ಅವರ ಬಿಳಿಯ ಅಂಗಿಯ ಮೇಲೆ, ಜೊಲ್ಲಿನ ನಡುವೆ, ಉಗುರಿನಷ್ಟು ದೊಡ್ಡ ಒಂದು ಹಸಿರು ಚೂರು ಕಂಡಿತು. ಅದರ ಮೇಲೆ ಹಳದಿ ಚುಕ್ಕೆಯಿತ್ತು.

ಗೂಟ ಹಿಡಿದವನ ಮುಂದೆ ಹೋಗಿ ನಿಂತು, ತಡೆಯಿರಿ, ನೋಡುತ್ತೇನೆ ಎಂದೆ. ಈಗ ತಾನೇ ನೀವೇ ಹುಚ್ಚು ಎಂದಿರಲ್ಲ ಎಂದು ಅವನು ಕೇಳಿದ. ‘ನಾ ನೋಡದೇ ಅಂದೆ’ ಎಂದೆ. ಎಷ್ಟೋ ತಿಂಗಳಲ್ಲಿ ಆ ಅಂಗಳದಲ್ಲಿ ನಾನಾಡಿದ ಮೊದಲ ಪ್ರಾಮಾಣಿಕ ಮಾತು ಅದೇ ಇರಬೇಕು. ದವಾಖಾನೆಯನ್ನು ಜವಾನನ ಕೈಗೆ ಬಿಟ್ಟು ಚಾಚಾನನ್ನು ಕರೆದುಕೊಂಡು ಮನೆಯ ಕಡೆ ಹೆಜ್ಜೆ ಹಾಕಿದೆ.

ಕಿಟಕಿಯ ಬಳಿ ಬಳ್ಳಿಯ ಮೂರು ಎಲೆಗಳು ಹರಿದಿದ್ದವು. ಅಂಚಿನಲ್ಲಿ ಸೂಜಿಯಿಂದ ಚುಚ್ಚಿದಂತೆ ಹಲ್ಲಿನ ಗುರುತು. ಹರಿದ ಎಲೆ ಕಿಟಕಿಯ ಕಟ್ಟೆಯ ಮೇಲೆ, ನೆಲದ ಮೇಲೆ ಬಿದ್ದಿತ್ತು. ಮೂಲೆಯ ಹಳೆಯ ಕೌದಿಯ ಮೇಲೆ ಮೂರು ಮರಿಗಳು ತಾಯಿಯನ್ನು ಹುಡುಕಿ ಕೂಗುತ್ತಿದ್ದವು.

ಬೆಕ್ಕು ಎಲೆ ತಿಂದದ್ದು ನಿಜ. ಆದರೆ ಎಲೆಯಿಂದಲೇ ಹೀಗಾಯಿತೆಂದು ಹೇಗೆ ತಿಳಿಯುವುದು? ನಿಜವಾಗಿಯೂ ಹುಚ್ಚೇ ಇದ್ದರೆ? ಕೇಳಲು ಡಾಕ್ಟರರಿಲ್ಲ. ನನಗೆ ಬೇರೇನೂ ತೋಚದೆ ಒಂದು ಎಲೆಯನ್ನು ಕಿತ್ತು ಬಾಯಿಗೆ ಹಾಕಿಕೊಂಡು ಅಗಿದೆ. ಇದನ್ನು ಧೈರ್ಯವೆಂದು ತಿಳಿಯಬೇಡಿ. ವಿಷವೋ ಅಲ್ಲವೋ ಗೊತ್ತಿಲ್ಲದ್ದನ್ನು ಬಾಯಿಗಿಟ್ಟವನನ್ನು ನೀವು ಏನೆನ್ನುತ್ತೀರೋ ನಾನು ಆಗ ಅದೇ ಆಗಿದ್ದೆ.

ಮೊದಲು ಬರಿಯ ಹಸಿ ಸೊಪ್ಪಿನ ರುಚಿ. ಸ್ವಲ್ಪ ಹೊತ್ತಿನಲ್ಲೇ ನಾಲಿಗೆಯ ತುದಿಗೆ ಸೂಜಿ ಚುಚ್ಚಿದಂತಾಯಿತು. ಆಮೇಲೆ ತುಟಿ, ಕೆನ್ನೆಯ ಒಳಭಾಗ, ಗಂಟಲು. ಉಗುಳಿದೆ, ನೀರು ಮುಕ್ಕಳಿಸಿದೆ, ಉರಿ ನಿಲ್ಲಲಿಲ್ಲ. ನನ್ನ ಬಾಯಿಯಿಂದಲೂ ಜೊಲ್ಲು ಇಳಿಯತೊಡಗಿತು. ಆ ಉರಿಯಲ್ಲೇ ನನಗೆ ಸೇಡಂನ ನಮ್ಮ ಅಡಿಗೆಮನೆ ನೆನಪಾಯಿತು. ನಾನು ಸಣ್ಣವನಿದ್ದಾಗ ಯಾರೋ ಅತಿಥಿಗಳು ಬಂದಿದ್ದಾರೆಂದು ಅವ್ವ ಸುವರ್ಣಗಡ್ಡೆಯ ಪಲ್ಯ ಮಾಡಿದ್ದಳು. ಗಡಿಬಿಡಿಯಲ್ಲಿ ಹುಣಸೆಹುಳಿ ಹಾಕುವುದು ಮರೆತಿತ್ತು. ಎರಡು ತುತ್ತಿಗೆ ಅತಿಥಿಗಳು ಮಾತು ನಿಲ್ಲಿಸಿದರು, ತಂದೆ ಮಂತ್ರ ನಿಲ್ಲಿಸಿದರು, ಪಂಕ್ತಿಯೆಲ್ಲ ನಾಲಿಗೆ ಹೊರಚಾಚಿ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿತ್ತು. ಆಗ ಅಜ್ಜಿ ದೊಡ್ಡ ಪಾತ್ರೆಯಲ್ಲಿ ಮೊಸರು ತಂದು ಎಲ್ಲರ ಎಲೆಗೂ ಸುರಿದಿದ್ದಳು. ಅದೇ ಉರಿ ಇದು. ಅದೇ ತುರಿಕೆ.

ಚಾಚಾನ ಮಾಳಿಗೆಯಿಂದ ಒಂದು ನೆಲುವು ಇಳಿಬಿದ್ದಿತ್ತು. ಹಗ್ಗದ ಆ ನೆಲುವಿನಲ್ಲಿ, ಸಕ್ರಿಗೆ ಎಟುಕಬಾರದೆಂದು, ಮೊಸರಿನ ಗಡಿಗೆ ಇಟ್ಟಿದ್ದರು. ನನಗೆ ಮಾತು ಬರುತ್ತಿರಲಿಲ್ಲ, ನಾಲಿಗೆ ದಪ್ಪಗಾಗಿತ್ತು. ನೆಲುವಿನ ಕಡೆ ಕೈ ತೋರಿಸಿದೆ. ಚಾಚಾ ಗಡಿಗೆ ಇಳಿಸಿದರು. ಒಬ್ಬರಿಗೆ ಕೇಳಿಸದು, ಇನ್ನೊಬ್ಬನಿಗೆ ಮಾತಾಡಲಾಗದು. ಆದರೂ ಅಷ್ಟು ಸರಿಯಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡದ್ದು ಅದೇ ಮೊದಲು.

ಒದ್ದೆ ಬಟ್ಟೆಯಿಂದ ಸಕ್ರಿಯ ಬಾಯಿ ಒರೆಸಿದೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಚೂರು ತೆಗೆದೆ. ಬೆರಳಿಗೆ ಮೊಸರು ಹಚ್ಚಿ ತುಟಿಗಿಟ್ಟರೆ ಮುಖ ತಿರುಗಿಸಿತು. ನಾನು ಅದರ ಎದುರಿಗೇ ಅಂಗೈಯಲ್ಲಿ ಮೊಸರು ಹಾಕಿಕೊಂಡು ನೆಕ್ಕಿ ತೋರಿಸಿದೆ. ಉರಿ ತಣ್ಣಗಾಗುತ್ತ ಬಂದಾಗ ಕಣ್ಣಲ್ಲಿ ನೀರು ಬಂತು. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಸಕ್ರಿಯೂ ನಾಲಿಗೆ ಚಾಚಿತು. ನಮ್ಮವ್ವ ಆ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದರೆ, ತನ್ನ ಮಗ ಮತ್ತು ಒಂದು ಬೆಕ್ಕು ಒಂದೇ ಗಡಿಗೆಯ ಮೊಸರು ತಿನ್ನುವುದನ್ನು ಕಂಡು ಏನನ್ನುತ್ತಿದ್ದಳೋ.

ಮಧ್ಯಾಹ್ನದವರೆಗೂ ಸಕ್ರಿ ಮೂಲೆಯಲ್ಲಿ ಕಣ್ಣುಮುಚ್ಚಿ ಕುಳಿತಿತ್ತು. ಒಂದು ಸಲ ವಾಂತಿ ಮಾಡಿತು. ಮರಿಗಳು ಹತ್ತಿರ ಬಂದರೆ ಎದ್ದು ದೂರ ಹೋಗುತ್ತಿತ್ತು. ನಾನು ದವಾಖಾನೆಗೆ ಹೋದೆ, ಬಂದೆ, ಮತ್ತೆ ಹೋದೆ. ಅಷ್ಟು ದೇವರನ್ನು ನಾನು ಪರೀಕ್ಷೆಯ ಫಲಿತಾಂಶದ ದಿನವೂ ನೆನೆದಿರಲಿಲ್ಲ. ನಾಲ್ಕು ಗಂಟೆಗೆ ಬಂದು ನೋಡಿದಾಗ ಜೊಲ್ಲು ನಿಂತಿತ್ತು. ಸಕ್ರಿ ಕೌದಿಯ ಮೇಲೆ ಒರಗಿತ್ತು, ಮೂರೂ ಮರಿಗಳು ಹೊಟ್ಟೆಗೆ ಅಂಟಿಕೊಂಡಿದ್ದವು. ಚಾಚಾ ಹೊರಸಿನ ಮೇಲೆ ಕುಳಿತು ನೋಡುತ್ತಿದ್ದರು. ನನ್ನನ್ನು ಕಂಡು ಸಕ್ರಿ ಒಂದು ಕಣ್ಣು ತೆರೆದು ಮುಚ್ಚಿತು. ಅದು ನನ್ನನ್ನು ಎಂದಿನಂತೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದಕ್ಕೆ ನನಗೆ ಅಷ್ಟು ಆನಂದವಾದದ್ದು ಅದೊಂದೇ ದಿನ.

ಮರುದಿನ ಡಾಕ್ಟರರು ಬಂದಾಗ ಎಲ್ಲವನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಹುಚ್ಚೇ ಇದ್ದಿದ್ದರೆ ಅದರ ಬಾಯೊಳಗೆ ಬೆರಳು ಹಾಕಿದ ನಿನ್ನ ಗತಿಯೇನು, ಎಲೆ ನಿಜವಾದ ವಿಷವಾಗಿದ್ದರೆ ಅಗಿದ ನಿನ್ನ ಗತಿಯೇನು ಎಂದು ಚೆನ್ನಾಗಿ ಬೈದರು. ಆಮೇಲೆ ಸಕ್ರಿಯನ್ನು ಬಂದು ನೋಡಿ, ಹತ್ತು ದಿನ ಕಣ್ಣಿಟ್ಟಿರು, ಆರೋಗ್ಯವಾಗಿದ್ದರೆ ಹುಚ್ಚಿನ ಮಾತೇ ಇಲ್ಲ ಎಂದರು. ಗಿಡದ ವಿಷಯ ಕೇಳಿದ್ದಕ್ಕೆ, ‘ನನಗೂ ಗೊತ್ತಿರಲಿಲ್ಲಪಾ. ನೀ ಕೇಳಿದ್ದರ ಯಾರಿಗಾದ್ರೂ ಕೇಳಿ ಹೇಳ್ತಿದ್ದೆ’ ಎಂದರು. ಅಷ್ಟು ಓದಿದವರ ಬಾಯಲ್ಲಿ ಗೊತ್ತಿರಲಿಲ್ಲ ಎಂಬ ಮಾತು ಎಷ್ಟು ಸುಲಭವಾಗಿ ಬಂತೆಂದು ನಾನು ನೋಡುತ್ತ ನಿಂತೆ.

ಆ ಹತ್ತು ದಿನಗಳು ನನಗೆ ಬಹಳ ಕಷ್ಟದ ದಿನಗಳು. ಸಕ್ರಿಯೇನೋ ಆರಾಮಾಗಿತ್ತು. ಕಷ್ಟವಿದ್ದದ್ದು ಚಾಚಾನ ಉಪಚಾರದಲ್ಲಿ. ಸಂಜೆ ಹೋದರೆ ಚಹಾ, ಹುರಿದ ಶೇಂಗಾ, ಬೆಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಅವರು ತಮ್ಮ ಎತ್ತರದ ದನಿಯಲ್ಲಿ, ನಮ್ಮ ಹುಡುಗ ಸಕ್ರಿಯ ಜೀವ ಉಳಿಸಿದ ಎಂದು ಹೇಳುತ್ತಿದ್ದರು. ನಾನು ನಿಜ ಹೇಳಲು ನೋಡಿದೆ. ಗಿಡವನ್ನು ತೋರಿಸಿದೆ, ನನ್ನನ್ನು ತೋರಿಸಿಕೊಂಡೆ, ಗಲ್ಲ ಗಲ್ಲ ಬಡಿದುಕೊಂಡೆ, ಕೈ ಮುಗಿದೆ. ಚಾಚಾ ನಕ್ಕು ತಲೆಯಾಡಿಸಿ ಇನ್ನೊಂದು ಕಪ್ ಚಹಾ ಬಗ್ಗಿಸಿದರು. ಬರೆದು ತೋರಿಸೋಣವೆಂದರೆ ಅವರಿಗೆ ಬರುತ್ತಿದ್ದದ್ದು ಉರ್ದು ಅಕ್ಷರ, ನನಗೆ ಅದು ಬಾರದು.

ಕೆಟ್ಟ ವಿಚಾರವೂ ಬಂತು, ಮುಚ್ಚಿಡುವುದಿಲ್ಲ. ಚಾಚಾಗೆ ಹೇಳಲಾಗಲಿಲ್ಲ, ಚಾಚಿಗೆ ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹತ್ತನೆಯ ದಿನ, ಅಲ್ಲಿಯವರೆಗೆ ಬುಟ್ಟಿ ಕವುಚಿಟ್ಟಿದ್ದ ಆ ಬಾಟಲಿಯನ್ನು ಎತ್ತಿಕೊಂಡು ಬಂದು ನನ್ನ ಕೋಣೆಯ ಟ್ರಂಕಿನ ಹಿಂದೆ ಇಟ್ಟೆ. ಸಕ್ರಿಯ ಬಾಯಿಗೆ ಸಿಗಬಾರದೆಂದು ಹಾಗೆ ಮಾಡಿದೆನೆಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಅದೂ ನಿಜವೇ.

ಅದಾದ ಎರಡು ದಿನಕ್ಕೆ ಚಾಚಿ ಬಂದರು. ಮೊಮ್ಮಗಳು ಹುಟ್ಟಿದ ಸಂತೋಷ ಮುಖದ ತುಂಬ ಇತ್ತು. ನನ್ನ ಕೈಗೆ ಸಿಹಿ ಕೊಡುತ್ತಲೇ ಕಿಟಕಿಯ ಕಡೆ ನೋಡಿದರು. ಬಳ್ಳಿ ಎಲ್ಲಿ ಎಂದು ಗಂಡನಿಗೆ ಸನ್ನೆ ಮಾಡಿದರು. ಚಾಚಾ ಹೆಗಲು ಕುಣಿಸಿ ನನ್ನ ಕಡೆ ನೋಡಿದರು. ಚಾಚಿ ಅದನ್ನು ತಪ್ಪಾಗಿ ತಿಳಿದುಕೊಂಡು, ‘ಇವ್ರೇ ಕೆಡವಿ ಒಡದಿರಬೇಕು. ನೀ ಬೇಜಾರ ಮಾಡ್ಕೋಬ್ಯಾಡ ಬೇಟಾ, ಅಷ್ಟ ದೂರದಿಂದ ತಂದಿದ್ದಿ’ ಎಂದರು.

ನನ್ನ ತಪ್ಪಿಗೆ ಆ ಮನುಷ್ಯ ಬೈಸಿಕೊಳ್ಳುವುದನ್ನು ನೋಡಲಾಗಲಿಲ್ಲ. ‘ಚಾಚಿ, ಗಿಡ ನನ್ನ ಕೋಣ್ಯಾಗ ಅದ. ಸಕ್ರಿ ಅದರ ಎಲಿ ತಿಂದು ಸಾಯೋ ಹಂಗ ಆಗಿತ್ತು. ಏನೂ ಆಗಂಗಿಲ್ಲ ಅಂತ ನಿಮಗ ನಾನೇ ಹೇಳಿದ್ದೆ. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ಲಾಕ ನಾಚಿಕಿ ಬಂತು’ ಎಂದೆ. ದವಾಖಾನೆಯ ಅಂಗಳದಲ್ಲಿ ಹುಚ್ಚೆಂದು ಹೇಳಿ ಅದನ್ನು ಹೊಡೆಸಲಿದ್ದದ್ದನ್ನೂ ಬಿಡದೆ ಹೇಳಿದೆ.

ಚಾಚಿ ಸಕ್ರಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿ ತೆರೆದು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ ಕೈಸನ್ನೆ ಮಾಡತೊಡಗಿದರು. ಮೊದಲು ಬಾಟಲಿ ಅಲ್ಲಾಡಿಸಿದರು, ಅದು ನಾನು. ಆಮೇಲೆ ಎಲೆ, ಬೆಕ್ಕು, ಬಾಯಿ. ನಾನು ನೆಲದ ಕಲ್ಲು ನೋಡುತ್ತ ನಿಂತಿದ್ದೆ.

ಚಾಚಾ ಎದ್ದು ಹೊರಗೆ ಹೋದರು. ನನ್ನ ಕೋಣೆಯಿಂದ ಬಾಟಲಿಯನ್ನು ಎತ್ತಿಕೊಂಡು ಬಂದರು. ಎಸೆದುಬಿಡುತ್ತಾರೆಂದುಕೊಂಡೆ. ಎಸೆಯಲೆಂದು ಚಾಚಿಯನ್ನೂ ಕೇಳಿಕೊಂಡೆ. ಆಗ ಚಾಚಿ, ‘ಯಾಕ ಒಗೀಬೇಕು? ಬೆಕ್ಕಿಗಿ ಏನು ಗೊತ್ತದ, ಗಿಡಕ್ಕ ಏನು ಗೊತ್ತದ? ಗೊತ್ತಾದ ನಾವು ಎತ್ತಿ ಇಟ್ರ ಆಯ್ತು’ ಎಂದರು. ಅಷ್ಟರಲ್ಲಿ ಚಾಚಾ ಸ್ಟೂಲಿನ ಮೇಲೆ ಹತ್ತಿ, ನೆಲುವಿನಿಂದ ಮೊಸರಿನ ಗಡಿಗೆ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಆ ಜಾಗದಲ್ಲಿ ಬಳ್ಳಿಯ ಬಾಟಲಿಯನ್ನು ಕೂಡಿಸಿ, ಇಳಿಬಿದ್ದ ಎಲೆಗಳನ್ನು ಹಗ್ಗಕ್ಕೆ ಸುತ್ತಿ ಮೇಲಕ್ಕೆ ಕಟ್ಟಿದರು. ಗಡಿಗೆ ಗೋಡೆಯ ಗೂಡು ಸೇರಿತು, ಅದರ ಬಾಯಿಗೆ ಒಂದು ಹಾಸುಗಲ್ಲಿನ ತುಂಡು ಬಂತು.

ಸ್ಟೂಲಿನಿಂದ ಇಳಿದು ಕೈ ಒರೆಸಿಕೊಳ್ಳುತ್ತ ಚಾಚಾ ನನ್ನ ಮುಂದೆ ಬಂದು ನಿಂತರು.

‘ನನಗ ಅವತ್ತೇ ತಿಳದಿತ್ತು,’ ಎಂದರು. ‘ಕಿವಿ ಇಲ್ಲ ಖರೆ, ಕಣ್ಣ ಅವ. ಗಿಡಾ ತಂದು ಕೊಟ್ಟವನೇ ಎಲಿ ಕಿತ್ತು ಬಾಯಾಗ ಹಾಕ್ಕೊಂಡ ಅಂದ್ರ ಮತ್ತೇನು ತಿಳೀಬೇಕು? ಹತ್ತ ದಿನ ನಿನ್ನ ಮಾರಿ ನೋಡ್ಲಾಕ ಆಗ್ಲಿಲ್ಲ ನನಗ. ಅದಕ್ಕೇ ಚಹಾ ಕುಡಿಸ್ದೆ. ತಪ್ಪು ಮಾಡಿದವರಿಗಿ ಭಾಳ ಮಂದಿಗಿ ನೋಡೀನಿ ಬೇಟಾ. ಎಲಿ ತಿಂದವ ನೀ ಒಬ್ಬನೇ.’

ತಮ್ಮ ಪ್ರಕಾರ ಅವರು ಅದನ್ನು ನನ್ನೊಬ್ಬನಿಗೇ, ಮೆಲ್ಲಗೆ ಹೇಳಿದ್ದರು. ಓಣಿಯಲ್ಲಿ ನೀರು ತರುತ್ತಿದ್ದ ಹೆಂಗಸರು ಕೊಡ ಸಮೇತ ನಿಂತುಬಿಟ್ಟದ್ದು ಕಿಟಕಿಯಿಂದ ಕಾಣುತ್ತಿತ್ತು. ಹೀಗೆ ನನ್ನ ತಪ್ಪು ಮತ್ತು ಅದಕ್ಕೆ ಸಿಕ್ಕ ಮಾಫಿ ಎರಡೂ ಒಟ್ಟಿಗೇ ಶಹಾಬಾದಕ್ಕೆಲ್ಲ ತಿಳಿದುಹೋದವು. ಮರುದಿನ ದವಾಖಾನೆಯಲ್ಲಿ ಯಾರೋ ‘ಡಾಕ್ಟರ್ ಸಾಬ’ ಎಂದಾಗ, ಕಂಪೌಂಡರ್ ಎಂದು ತಿದ್ದಿದೆ. ಯಾವ ನಾಚಿಕೆಯೂ ಆಗಲಿಲ್ಲ.